ಬಿಳಿ ಬಕೆಟ್ಟಿನ ಶಂಖಗಳು

ಬುಧವಾರ ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಮೀನು ಬಂದರಿನ ಮೂರನೇ ಕಟ್ಟೆಯಲ್ಲಿ, ಕ್ರೇನಿನಿಂದ ಇಳಿಯುತ್ತಿದ್ದ ಐಸಿನ ತೊಟ್ಟಿಯೊಂದು ಕೆಳಗೆ ನಿಂತಿದ್ದ ಕೆಲಸಗಾರನ ಮೇಲೆ ಕೂತಿತು. ತೊಟ್ಟಿ ಕಬ್ಬಿಣದ್ದು. ಐಸು ಸೇರಿ ತೂಕ ಒಂಬೈನೂರು ಕಿಲೋ. ಅವನು ಅಲ್ಲೇ ಸತ್ತ.

ತೊಟ್ಟಿಗೆ ಕೊಂಡಿ ಹಾಕುವುದು, ಬಿಚ್ಚುವುದು, ಎರಡರ ನಡುವೆ ಕ್ರೇನಿನವನಿಗೆ ಸೀಟಿ ಊದಿ ಕೈಸನ್ನೆ ಮಾಡುವುದು ಸತ್ತವನ ಕೆಲಸ. ಹನ್ನೆರಡು ವರ್ಷದಿಂದ ಕತ್ತಿನಲ್ಲಿ ಸೀಟಿ ನೇತಾಡುತ್ತಿದ್ದುದರಿಂದ ಬಂದರಿನಲ್ಲಿ ಅವನ ಹೆಸರೇ ಸೀಟಿ ಎಂದಾಗಿತ್ತು. ಕ್ರೇನ್ ನಡೆಸುತ್ತಿದ್ದವನಿಗೆ ಮೂವತ್ತಾರು ವರ್ಷ. ಅವನು ಏಣಿ ಇಳಿಯುವಾಗ ಎರಡು ಸಲ ಮೆಟ್ಟಿಲು ತಪ್ಪಿದ. ಕೆಳಗೆ ಬಂದು ಗೋಡೆ ಹಿಡಿದು ವಾಂತಿ ಮಾಡಿದ. ಏನು ಕೇಳಿದರೂ ನಾಲಿಗೆ ಹೊರಳಲಿಲ್ಲ. ಓಡಿ ಬಂದ ಏಳು ಮಂದಿಯೂ ಒಂದೇ ಮಾತು ಹೇಳಿದರು: ಕುಡಿದಿದ್ದಾನೆ.

ಹಾಗೆ ಹೇಳಲು ಅವರಿಗೆ ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಅವನು ನಿಜವಾಗಿಯೂ ಕುಡಿಯುತ್ತಿದ್ದ. ಒಮ್ಮೆ ಕುಡಿದು ಕೆಲಸಕ್ಕೆ ಬಂದು ಸಿಕ್ಕಿಬಿದ್ದು, ಕ್ರೇನಿನ ಲೈಸೆನ್ಸು ಕಳೆದುಕೊಂಡು ಆರು ತಿಂಗಳು ಮನೆಯಲ್ಲಿ ಕೂತ. ಹೆಂಡತಿ ಬಿಟ್ಟುಹೋದದ್ದು ಆಗಲೇ. ಅಕ್ಕ ಅವನನ್ನು ತನ್ನ ಮನೆಗೆ ಕರೆತಂದು ಇಟ್ಟುಕೊಂಡಳು, ಬೈದಳು, ಕಾದಳು, ಬಿಡಿಸಿದಳು. ಲೈಸೆನ್ಸು ಹಿಂದಿರುಗಿಸುವಾಗ ಬಂದರು ಕಚೇರಿ ಅವನ ಕಡತದಲ್ಲಿ ಒಂದು ಸಾಲು ಬರೆದಿತ್ತು: ಇನ್ನೊಮ್ಮೆ ಕಂಡುಬಂದರೆ ಶಾಶ್ವತವಾಗಿ ರದ್ದು.

ಅಕ್ಕ ಅದೇ ಬಂದರಿನ ಶಂಖದ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದಳು. ಶಂಖ ಎಂದರೆ ಇಲ್ಲಿ ಊದುವ ಶಂಖವಲ್ಲ. ಮುಷ್ಟಿ ಗಾತ್ರದ ಕಡಲ ಬಸವನಹುಳು, ಚಿಪ್ಪಿನ ಸಮೇತ. ದೋಣಿಯಿಂದ ಬಂದದ್ದನ್ನು ತಣ್ಣೀರು ಹರಿಯುವ ಉದ್ದನೆಯ ಮೇಜಿನ ಮೇಲೆ ಸುರಿಯುತ್ತಾರೆ. ಎರಡೂ ಬದಿಗೆ ಹೆಂಗಸರು ನಿಂತು ಜಾತಿ ನೋಡಿ ವಿಂಗಡಿಸುತ್ತಾರೆ. ಮಾಲು ಚಿಪ್ಪಿನ ಸಮೇತ ಬೆಂದು, ಆಮೇಲೆ ಚಿಪ್ಪು ಬಿಟ್ಟು ಡಬ್ಬಿಯಲ್ಲಿ ಕೂತು ಹೊರದೇಶಕ್ಕೆ ಹೋಗುತ್ತದೆ.

ಮೊದಲು ವಿಂಗಡಿಸುವುದು ಸುಲಭವಿತ್ತು. ಬರುತ್ತಿದ್ದದ್ದು ತೀರದ ಶಂಖವೊಂದೇ. ಸಣ್ಣದು, ದೊಡ್ಡದು ಎಂದು ಬೇರೆ ಮಾಡಿದರೆ ಮುಗಿಯಿತು. ತೀರದ ನೀರಿನಲ್ಲಿ ಶಂಖ ಕಡಿಮೆಯಾಗಿ ಅಲ್ಲಿ ಹಿಡಿಯುವುದನ್ನು ನಿಷೇಧಿಸಿದ ಮೇಲೆ ದೋಣಿಗಳು ಆಳಕ್ಕೆ ಹೋದವು. ನಾಲ್ಕುನೂರು, ಐನೂರು ಮೀಟರ್ ಕೆಳಗಿನ ಇಳಿಜಾರಿನಿಂದ ಬೇರೊಂದು ಜಾತಿ ಬರತೊಡಗಿತು. ಅದಕ್ಕೆ ಆಳದ ಶಂಖ ಎಂದು ಹೆಸರಾಯಿತು. ದಾರಿಯಲ್ಲಿ ಒಂದಷ್ಟು ತೀರದ್ದೂ ಬಲೆಗೆ ಬೀಳುತ್ತಿದ್ದರಿಂದ ಎರಡೂ ಬೆರೆತೇ ಬರುತ್ತಿದ್ದವು.

ತೀರದ ಶಂಖದ ಚಿಪ್ಪಿನ ಮೇಲೆ ಉಬ್ಬುಗೆರೆಗಳಂಥ ಏಣುಗಳಿವೆ, ಬಾಯಿಯ ಒಳಗು ಬಿಳಿ. ಆಳದ ಶಂಖ ನುಣುಪು, ಚಿಪ್ಪು ದಪ್ಪ, ಬಾಯಿಯ ಒಳಗು ಇಟ್ಟಿಗೆ ಬಣ್ಣ. ಚಿಪ್ಪು ತೆಗೆದ ಮೇಲೆ ಎರಡರ ಮಾಂಸವೂ ಒಂದೇ ಥರ. ಆದರೆ ಆಳದ ಶಂಖದ ಜೊಲ್ಲುಗ್ರಂಥಿಯಲ್ಲಿ ವಿಷವಿದೆ. ಕೆನೆಬಣ್ಣದ ಆ ಎರಡು ಗಂಟುಗಳನ್ನು ಚಾಕುವಿನಿಂದ ಕೊಯ್ದು ತೆಗೆಯಲು ಪಕ್ಕದ ಕೋಣೆಯಲ್ಲಿ ಬೇರೆಯೇ ಜನ ಇದ್ದರು. ಮೇಜಿನ ಹೆಂಗಸರ ಕೆಲಸ ಇಷ್ಟೇ: ತೀರದ್ದು ಹಳದಿ ಪೆಟ್ಟಿಗೆಗೆ, ಆಳದ್ದು ನೀಲಿ ಪೆಟ್ಟಿಗೆಗೆ.

ಅಕ್ಕ ಇದನ್ನು ನೋಡದೆ ಮಾಡುತ್ತಿದ್ದಳು. ರಬ್ಬರ್ ಗವಸು ಹಾಕಿದ ಕೈ ನೀರಿಗಿಳಿದರೆ ಹೆಬ್ಬೆರಳು ಚಿಪ್ಪಿನ ಬೆನ್ನ ಮೇಲೆ ಒಮ್ಮೆ ಜಾರುತ್ತಿತ್ತು. ಏಣು ಸಿಕ್ಕರೆ ಹಳದಿ, ಸಿಗದಿದ್ದರೆ ನೀಲಿ. ನಿಮಿಷಕ್ಕೆ ನಲವತ್ತು. ಮೇಜಿನವರು ಅವಳಿಗೆ ಬೆರಳಕ್ಕ ಎಂದು ಹೆಸರಿಟ್ಟಿದ್ದರು. ಬೇರೆ ಶೆಡ್ಡಿನಿಂದ ಜನ ಬಂದಾಗ ಮೇಸ್ತ್ರಿ ಅವಳ ಕಣ್ಣಿಗೆ ಟವೆಲ್ ಕಟ್ಟಿ ತೋರಿಸುತ್ತಿದ್ದ. "ಇವಳಿಗೆ ಕರೆಂಟ್ ಬಿಲ್ ಉಳೀತದೆ," ಎಂದು ಎದುರು ಬದಿಯವಳು ನಗಿಸುತ್ತಿದ್ದಳು. ಆ ಎದುರು ಬದಿಯವಳು ಸೀಟಿಯ ಹೆಂಡತಿ.

ಬುಧವಾರ ಎರಡು ಮುಕ್ಕಾಲಿಗೆ ಮೇಸ್ತ್ರಿ ಶೆಡ್ಡಿಗೆ ಬಂದು ನೀರು ನಿಲ್ಲಿಸಿದ. ಮೊದಲು ಸೀಟಿಯ ಹೆಂಡತಿಯನ್ನು ಹೊರಗೆ ಕರೆದ. ಆಮೇಲೆ ಅಕ್ಕನ ಹತ್ತಿರ ಬಂದು, "ಗವಸು ಬಿಚ್ಚು. ನಿನ್ನ ತಮ್ಮನ್ನ ಕಾವಲು ಕೋಣೇಲಿ ಕೂರ್ಸಿದಾರೆ," ಅಂದ.

ಕಾವಲು ಕೋಣೆಯಲ್ಲಿ ಒಂದು ಬೆಂಚು, ಒಂದು ಫೋನು, ಕೊಡೆ ನೇತುಹಾಕುವ ಮೊಳೆಗಳು. ತಮ್ಮ ಬೆಂಚಿನ ಮೇಲೆ ಎರಡೂ ಕೈ ಊರಿ ಕೂತಿದ್ದ. ತುಟಿಯ ಮೂಲೆ ತನ್ನಷ್ಟಕ್ಕೆ ಅದುರುತ್ತಿತ್ತು.

"ಊದು," ಅಂದಳು ಅಕ್ಕ.

ಅವನು ಅವಳ ಮುಖಕ್ಕೆ ಊದಿದ. ವಾಂತಿಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಕುಡಿದಿಲ್ಲ ಅಕ್ಕಾ."

"ಮತ್ತೆ ಯಾಕೆ ಹೀಗೆ ತೂರಾಡ್ತಿದೀಯಾ?"

"ಗೊತ್ತಿಲ್ಲ. ಈಗ್ಲೂ ನೀನು ಇಬ್ಬರು ಕಾಣ್ತಿದೀಯಾ. ಬೈಯೋಕೆ ಒಬ್ಬಳೇ ಸಾಕಾಗಿತ್ತು."

ಅವಳು ಬಾಗಿಲಲ್ಲಿದ್ದ ಕಾವಲುಗಾರನಿಗೆ, "ಊದಿಸೋ ಯಂತ್ರ ತನ್ನಿ. ಈಗಲೇ ನೋಡಿ," ಅಂದಳು.

"ಅದು ಠಾಣೇಲಿದೆ ಕಣಮ್ಮ. ಪೊಲೀಸ್ರು ಬರ್ತಾರೆ, ಅವ್ರೇ ನೋಡ್ಕೋತಾರೆ."

ಪೊಲೀಸರು ಬಂದರು, ಸ್ಥಳದ ಅಳತೆ ತೆಗೆದುಕೊಂಡರು, ಅವನನ್ನು ಕರೆದುಕೊಂಡು ಹೋದರು. ರಕ್ತ ತೆಗೆದದ್ದು ಮರುದಿನ ಬೆಳಗ್ಗೆ ಏಳಕ್ಕೆ, ಘಟನೆಯಾಗಿ ಹದಿನಾರು ಗಂಟೆ ನಲವತ್ತು ನಿಮಿಷಗಳ ನಂತರ. ವರದಿಯಲ್ಲಿ ಮದ್ಯದ ಅಂಶ ಸೊನ್ನೆ ಎಂದಿತ್ತು. ಅದರ ಕೆಳಗೆ ವೈದ್ಯರ ಟಿಪ್ಪಣಿ: ಇಷ್ಟು ಸಮಯದಲ್ಲಿ ಇಳಿದುಹೋಗಿರುವ ಸಾಧ್ಯತೆ ಇದೆ. ಅಷ್ಟರಲ್ಲಿ ಅವನ ತೂರಾಟವೂ ನಿಂತಿತ್ತು. ಅದನ್ನೂ ಅವನ ವಿರುದ್ಧವೇ ಬರೆದುಕೊಂಡರು. ಕುಡಿದು ಯಂತ್ರ ನಡೆಸಿ ಸಾವಿಗೆ ಕಾರಣನಾದ ಎಂಬ ಆರೋಪ ರುಜುವಾತಾದರೆ ಹತ್ತು ವರ್ಷದವರೆಗೆ ಶಿಕ್ಷೆ. ಬಂದರಿನ ಸುರಕ್ಷತಾ ವಿಚಾರಣೆ ಎಂಟು ದಿನದ ನಂತರ ಎಂದು ನಿಗದಿಯಾಯಿತು. ಆರೋಪ ಯಾವುದು ಎಂಬುದು ಅದರ ವರದಿಯ ಮೇಲೆ ತೀರ್ಮಾನವಾಗುತ್ತಿತ್ತು.

ಅಕ್ಕನಿಗೆ ಕಾರಣ ಗೊತ್ತಾದದ್ದು ಶನಿವಾರ ಬೆಳಗ್ಗೆ ಎಂಟರ ಸುಮಾರಿಗೆ, ಮನೆಯ ಹಿತ್ತಲಿನಲ್ಲಿ.

ಮೇಜಿನವರಲ್ಲಿ ಒಂದು ಪದ್ಧತಿ ಇತ್ತು. ಬಲೆಯಲ್ಲೋ ತೊಟ್ಟಿಯಲ್ಲೋ ಚಿಪ್ಪು ಒಡೆದ ಶಂಖ ಡಬ್ಬಿಗೆ ಹೋಗುವುದಿಲ್ಲ. ಒಡೆದ ಆಳದ್ದನ್ನು ಕಸದ ಡ್ರಮ್ಮಿಗೆ ಎಸೆಯಬೇಕು. ಒಡೆದ ತೀರದ್ದನ್ನು ಒಂದು ಬಿಳಿ ಬಕೆಟ್ಟಿಗೆ ಹಾಕುತ್ತಿದ್ದರು. ದಿನಕ್ಕೊಬ್ಬರಂತೆ ಸರದಿಯ ಮೇಲೆ ಆ ಬಕೆಟ್ಟು ಮನೆಗೆ ಒಯ್ಯುವುದು. ಮೇಸ್ತ್ರಿಗೆ ಗೊತ್ತಿತ್ತು, ಅವನ ಮೇಲಿನವರಿಗೂ ಗೊತ್ತಿತ್ತು, ಎಲ್ಲಿಯೂ ಬರೆದಿರಲಿಲ್ಲ. ಮಂಗಳವಾರ ಅಕ್ಕನ ಸರದಿ. ಬಕೆಟ್ಟಿನಲ್ಲಿ ಹನ್ನೊಂದು ಇದ್ದವು. ಸಂಜೆ ಅವನ್ನು ಚಿಪ್ಪಿನ ಸಮೇತ ಕುದಿಸಿ, ಮುಳ್ಳುಚಮಚದಿಂದ ಮಾಂಸ ಎಳೆದು ತೆಗೆದಿದ್ದಳು. ಆಗ ತಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು, ಹೊಸ ಕೆಲಸಗಾರನೊಬ್ಬ ಐಸಿನ ಮೇಲೆ ಜಾರಿ ಮೇಸ್ತ್ರಿಯ ಮಡಿಲಲ್ಲಿ ಕೂತ ಕಥೆ ಹೇಳುತ್ತಿದ್ದ. ಅವಳು ನಗುತ್ತ ಅವನ ಮುಖ ನೋಡುತ್ತಿದ್ದಳು. ಕೈ ತನ್ನ ಕೆಲಸ ಮಾಡುತ್ತಿತ್ತು. ಖಾಲಿ ಚಿಪ್ಪುಗಳನ್ನು ಹಿತ್ತಲಿನ ಕೊಳಾಯಿಯ ಸುತ್ತ, ಕೆಸರಾಗದಿರಲೆಂದು, ಎಂದಿನಂತೆ ಸುರಿದಿದ್ದಳು. ಈರುಳ್ಳಿ ಹಾಕಿ ಹುರಿದ ಮಾಂಸ ಬುಧವಾರ ತಮ್ಮನ ಊಟದ ಡಬ್ಬಿಗೆ ಹೋಯಿತು. ಅವಳು ತಿನ್ನಲಿಲ್ಲ. ಹತ್ತೊಂಬತ್ತು ವರ್ಷ ಶಂಖ ಮುಟ್ಟಿದವಳಿಗೆ ಅದರ ವಾಸನೆ ತಟ್ಟೆಯಲ್ಲಿ ಬೇಡವಾಗಿತ್ತು.

ಶನಿವಾರ ಅವಳು ಕೊಳಾಯಿಗೆ ಬಿಂದಿಗೆ ಹಿಡಿದಿದ್ದಳು. ನೀರು ಚಿಪ್ಪುಗಳ ಮೇಲೆ ಬೀಳುತ್ತಿತ್ತು. ಒಂದರ ಒಳಗು ಇಟ್ಟಿಗೆ ಬಣ್ಣ ಕಂಡಿತು.

ಅವಳು ಬಿಂದಿಗೆ ಪಕ್ಕಕ್ಕಿಟ್ಟು ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಆರಿಸಿದಳು. ಹಳೆಯವು ಬಿಸಿಲಿಗೆ ಬಿಳಿಚಿದ್ದವು, ಹೊಸವು ಹನ್ನೊಂದು ಬೇರೆಯಾಗಿ ಕಂಡವು. ಅವುಗಳಲ್ಲಿ ಐದರ ಒಳಗು ಇಟ್ಟಿಗೆ ಬಣ್ಣದ್ದು. ಚಿಪ್ಪಿನ ಬಾಯಂಚು ಐದರಲ್ಲೂ ಮುರಿದುಹೋಗಿತ್ತು. ಬಣ್ಣ ಕಾಣಬೇಕಾದರೆ ಒಳಗೆ ಬಗ್ಗಿ ನೋಡಬೇಕು. ಹೊರಗೆ ಹೆಬ್ಬೆರಳು ಆಡಿಸಿದಳು. ಏಣು ಸಿಕ್ಕಿತು. ಉಗುರಿನಿಂದ ಕೆರೆದಳು. ಏಣು ಪುಡಿಯಾಗಿ ಉದುರಿ ಕೆಳಗೆ ನುಣುಪಾದ ಚಿಪ್ಪು ಕಂಡಿತು.

ಆಮೇಲೆ ಮೀನುಗಾರಿಕೆ ಪ್ರಯೋಗಾಲಯದವರು ಅದನ್ನು ವಿವರಿಸಿದರು. ಆಳದ ಕೆಲವು ಇಳಿಜಾರುಗಳಲ್ಲಿ ಹೂವಿನಂತೆ ಬಾಯಿ ತೆರೆಯುವ ಸಣ್ಣ ಜೀವಿಗಳು ಶಂಖದ ಬೆನ್ನ ಮೇಲೆ ಗುಂಪಾಗಿ ನೆಲೆಸುತ್ತವೆ. ಅವುಗಳ ಗಟ್ಟಿ ಪದರ ಸಾಲುಸಾಲಾಗಿ ಕೂತು ಏಣಿನಂತೆ ಕಾಣುತ್ತದೆ. ದೋಣಿಗಳು ಘಟನೆಯ ವಾರದ ಸೋಮವಾರದಿಂದ ಹೊಸ ಇಳಿಜಾರಿಗೆ ಹೋಗುತ್ತಿದ್ದವು. ನೋಡಿ ವಿಂಗಡಿಸುವವರಿಗೆ ಅದು ತೊಂದರೆಯಾಗಿರಲಿಲ್ಲ. ಮುಟ್ಟಿ ವಿಂಗಡಿಸುತ್ತಿದ್ದವಳು ಒಬ್ಬಳೇ.

ಅವಳು ಐದು ಚಿಪ್ಪುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮೇಸ್ತ್ರಿಯ ಹತ್ತಿರ ಹೋದಳು. ಅವನು ಒಂದನ್ನು ಕೈಗೆ ತೆಗೆದುಕೊಂಡು, ಒಳಗೆ ನೋಡಿ, ವಾಪಸು ಇಟ್ಟ.

"ಯಾರಿಗೆ ಹೇಳಿದೀಯಾ?"

"ನಿಮಗೇ ಮೊದಲು."

"ನನಗೇ ಕೊನೆ ಆಗ್ಲಿ. ಬಾಯಿ ಬಿಟ್ರೆ ಬಿಳಿ ಬಕೆಟ್ಟು ಹೊರಗೆ ಬರತ್ತೆ. ನೀನು ಹೋಗ್ತೀಯಾ, ನಾನೂ ಹೋಗ್ತೀನಿ, ಆ ಮೇಜಿನ ಅಷ್ಟೂ ಜನ ಹೋಗ್ತಾರೆ. ನಿನ್ನ ತಮ್ಮನ ಕಡತ ನೋಡಿದವರು ಈ ಕಪ್ಪೆಚಿಪ್ಪಿನ ಕಥೆ ನಂಬ್ತಾರೆ ಅಂದ್ಕೊಂಡಿದೀಯಾ?"

"ಕಪ್ಪೆಚಿಪ್ಪಲ್ಲ, ಶಂಖ," ಅಂದಳು ಅವಳು. ಕರವಸ್ತ್ರದ ಗಂಟು ಬಿಗಿ ಮಾಡಿಕೊಂಡು ಹೊರಗೆ ಬಂದಳು.

ಭಾನುವಾರ ಜೈಲಿನ ಭೇಟಿಯ ಸಮಯ ಹದಿನೈದು ನಿಮಿಷ. ನಡುವೆ ಜಾಲರಿ. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. ತಮ್ಮ ತಲೆ ತಗ್ಗಿಸಿ ಕೇಳಿದ.

"ಚೆನ್ನಾಗೇ ಇತ್ತು ಪಲ್ಯ," ಅಂದ ಕೊನೆಗೆ. "ಸೀಟಿಗೂ ಒಂದು ತುತ್ತು ಕೊಡೋಣ ಅಂತಿದ್ದೆ. ಅವನು ಆಗಲೇ ಕೈ ತೊಳೆದಿದ್ದ."

"ವಿಚಾರಣೇಲಿ ಹೇಳ್ತೀನಿ. ನೀನು ಕುಡಿದಿರಲಿಲ್ಲ ಅಂತ ಬರ್ಕೊಳ್ಳಲೇಬೇಕು ಅವರು."

"ಅಕ್ಕಾ, ಇನ್ನೊಂದಿದೆ." ಅವನು ಜಾಲರಿಗೆ ಹತ್ತಿರ ಬಂದ. "ಎರಡೆರಡು ಕಾಣೋಕೆ ಶುರುವಾಗಿದ್ದು ಆ ಕ್ಷಣದಲ್ಲಲ್ಲ. ಹತ್ತು ಹನ್ನೆರಡು ನಿಮಿಷದಿಂದ ಕಾಣ್ತಿತ್ತು. ಮೂರು ತೊಟ್ಟಿ ಅಂದಾಜಿನ ಮೇಲೆ ಇಳಿಸ್ದೆ. ಸರಿಯಾಗೇ ಕೂತ್ವು. ನಾಲ್ಕನೇದಕ್ಕೆ ಕೆಳಗೆ ಇಬ್ಬರು ಸೀಟಿ ನಿಂತಿದ್ರು. ನಾನು ಬಲಗಡೆಯವನು ನಿಜ ಅಂದ್ಕೊಂಡೆ."

"ಯಾಕೆ ಇಳಿದು ಬರಲಿಲ್ಲ ನೀನು?"

"ಏಣಿ ಮೇಲೆ ತೂರಾಡ್ಕೊಂಡು ಇಳಿದಿದ್ರೆ ಏನಂತಿದ್ರು? ಅದೇ ತಾನೆ ಈಗ ಅಂತಿರೋದು."

ಅಕ್ಕ ಸುತ್ತ ನೋಡಿದಳು. ಕಾವಲಿನವನು ದೂರದಲ್ಲಿ ಕಡಲೆ ಬಿಡಿಸುತ್ತಿದ್ದ.

"ಈ ಮಾತು ಇಲ್ಲಿಗೇ ಬಿಡು," ಅಂದಳು. "ಕಣ್ಣಿಗೆ ಕತ್ತಲೆ ಬಂತು, ತೊಟ್ಟಿ ಇಳಿದುಹೋಯ್ತು. ಅಷ್ಟೇ ಹೇಳು. ಕೇಳಿಸ್ತಾ?"

"ಹೂಂ."

"ಆಣೆ ಇಡು."

"ಹೂಂ ಅಂದ್ನಲ್ಲ ಅಕ್ಕಾ."

ಸೋಮವಾರ ಅವಳು ಸೀಟಿಯ ಮನೆಗೆ ಹೋದಳು. ತಾನು ಹೇಳುವುದು ವಿಚಾರಣೆಯಲ್ಲಿ ಹೇಗೂ ಸೀಟಿಯ ಹೆಂಡತಿಯ ಕಿವಿಗೆ ಬೀಳುತ್ತಿತ್ತು. ಅದಕ್ಕೆ ಮುಂಚೆ ತಾನೇ ಹೇಳಬೇಕು ಎಂಬುದು ಒಂದು. ಇನ್ನೊಂದು, ಚಿಪ್ಪುಗಳನ್ನು ಆಮೇಲೆ ಎಲ್ಲಿಂದಾದರೂ ತಂದಿಟ್ಟಿದ್ದಾಳೆ ಎಂದರೆ ಉತ್ತರವಿರಲಿಲ್ಲ. ಮಂಗಳವಾರ ಬಿಳಿ ಬಕೆಟ್ಟಿನ ಎದುರು ನಿಂತಿದ್ದವಳು ಸೀಟಿಯ ಹೆಂಡತಿಯೊಬ್ಬಳೇ.

ಮೂರನೇ ಮಹಡಿಯಲ್ಲಿ ಒಂದೂವರೆ ಕೋಣೆ. ಬಾಗಿಲು ತೆರೆದೇ ಇತ್ತು. ಸೀಟಿಯ ಹೆಂಡತಿ ಮೇಜಿನ ಮೇಲೆ ಬಂದರು ಕಚೇರಿಯ ಪರಿಹಾರದ ಅರ್ಜಿ ಹರಡಿಕೊಂಡು ಪೆನ್ನು ಹಿಡಿದು ಕೂತಿದ್ದಳು. ತಲೆ ಎತ್ತಿ ನೋಡಿದಳು, ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

"ಇಲ್ಲಿ ಸಾವಿನ ಕಾರಣ ಅಂತಿದೆ," ಅಂದಳು. "ಎರಡು ಸಾಲು ಜಾಗ ಬಿಟ್ಟಿದಾರೆ. ಏನು ಬರೀಲಿ ಬೆರಳಕ್ಕಾ? ನಿನ್ನ ತಮ್ಮ ಅಂತ ಬರೀಲಾ?"

ಅಕ್ಕ ನಿಂತೇ ಕರವಸ್ತ್ರ ಬಿಚ್ಚಿ ಅರ್ಜಿಯ ಪಕ್ಕದಲ್ಲಿಟ್ಟಳು.

"ನಾನು ಅಂತ ಬರಿ," ಅಂದಳು.

ಸೀಟಿಯ ಹೆಂಡತಿ ಚಿಪ್ಪುಗಳನ್ನು ನೋಡಿದಳು. ಮುಟ್ಟಲಿಲ್ಲ. ಅಕ್ಕ ಹೇಳತೊಡಗಿದಳು: ಮಂಗಳವಾರದ ಬಕೆಟ್ಟು, ಹೆಬ್ಬೆರಳಿಗೆ ಸಿಕ್ಕ ಏಣು, ಊಟದ ಡಬ್ಬಿ. ಅರ್ಧಕ್ಕೆ ಬಂದಾಗ ಸೀಟಿಯ ಹೆಂಡತಿ ಪೆನ್ನಿನ ಮುಚ್ಚಳ ಹಾಕಿದಳು.

"ನಾನು ನೋಡಿದ್ದೆ," ಅಂದಳು.

"ಏನು?"

"ನೀನು ಹಾಕಿದ್ದು. ಒಂದು ಬಿತ್ತು, ಒಳಗೆ ಕೆಂಪಗೆ ಕಾಣ್ತು. ಆಮೇಲೆ ಇನ್ನೊಂದು. ಎರಡು ನೋಡ್ದೆ ನಾನು. ಉಳಿದದ್ದು ನೋಡಿಲ್ಲ."

ಅಕ್ಕ ಕುರ್ಚಿ ಎಳೆದು ಕೂತಳು.

"ನೋಡಿ ಸುಮ್ಮನಿದ್ದೆಯಾ?"

"ಹಿಂದಿನ ವಾರ ನನ್ನದೊಂದು ತಪ್ಪಿ ಹಳದಿಗೆ ಬಿದ್ದಾಗ ನೀನೇನಂದೆ? ಮೇಸ್ತ್ರಿ ಮುಂದೆ, ಅಷ್ಟು ಜನದ ಮುಂದೆ. 'ಕಣ್ಣು ಎರಡಿದ್ರೂ ದಂಡ ಇವಳಿಗೆ' ಅಂದೆ. ಎಲ್ರೂ ಹಲ್ಲು ಬಿಟ್ರು." ಅವಳ ದನಿ ಏರಲಿಲ್ಲ. "ಮನೇಲಿ ಬಿಡಿಸೋವಾಗ ನೋಡ್ತಾಳೆ, ನೋಡಿ ನಾಚ್ಕೋತಾಳೆ ಅಂದ್ಕೊಂಡೆ. ಬೆಳಗ್ಗೆ ಬಂದು ಏನೂ ಹೇಳ್ಲಿಲ್ಲ ನೀನು. ಗುಟ್ಟಾಗಿ ಎಸೆದಿರ್ತಾಳೆ, ಮಧ್ಯಾಹ್ನ ಕೆಣಕೋಣ ಅಂತಿದ್ದೆ. ಮಧ್ಯಾಹ್ನ ಮೇಸ್ತ್ರಿ ಬಂದ."

ಕೆಳಗೆ ಬೀದಿಯಲ್ಲಿ ಗ್ಯಾಸಿನ ಗಾಡಿ ಬಂದು ಸಿಲಿಂಡರ್ ಬಡಿಯುವ ಸದ್ದು ಕೇಳಿಸಿತು. ಸೀಟಿಯ ಹೆಂಡತಿ ಎದ್ದು ಕಿಟಕಿಯಿಂದ ಬೇಡವೆಂದು ಕೈ ಮಾಡಿ ಬಂದಳು.

"ವಿಚಾರಣೇಲಿ ಇದನ್ನ ಹೇಳ್ತೀಯಾ?" ಅಕ್ಕ ಕೇಳಿದಳು.

"ಹೇಳಿದ್ರೆ ನನಗೇನು ಬರತ್ತೆ? ಅವನು ಬರ್ತಾನಾ?"

"ಇಲ್ಲ."

"ನಿನ್ನ ತಮ್ಮ ಬರ್ತಾನೆ."

"ಬರಬಹುದು."

"ಎದ್ದು ಹೋಗು ಬೆರಳಕ್ಕಾ. ಅದನ್ನೂ ತಗೊಂಡು ಹೋಗು," ಎಂದು ಅವಳು ಕರವಸ್ತ್ರವನ್ನು ಪೆನ್ನಿನ ತುದಿಯಿಂದ ದೂಡಿದಳು.

ವಿಚಾರಣೆ ಗುರುವಾರ ಬೆಳಗ್ಗೆ ಹತ್ತೂವರೆಗೆ ಬಂದರು ಕಚೇರಿಯ ಎರಡನೇ ಮಹಡಿಯಲ್ಲಿ ನಡೆಯಿತು. ವಿಚಾರಣಾಧಿಕಾರಿ ನಿವೃತ್ತಿಗೆ ಹತ್ತಿರದ ಮನುಷ್ಯ. ಪ್ರತಿ ಉತ್ತರವನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡು, ಓದಿ ಹೇಳಿ, ಸರಿಯೇ ಎಂದು ಕೇಳುತ್ತಿದ್ದರು. ಏಳು ಸಾಕ್ಷಿಗಳು ತೂರಾಟ, ವಾಂತಿ, ತೊದಲು ನಾಲಿಗೆ ಎಂದು ಹೇಳಿ ಹೋದರು. ವಾಸನೆ ಬಂತೇ ಎಂದಾಗ ಐವರು ಗಮನಿಸಲಿಲ್ಲ ಎಂದರು, ಇಬ್ಬರು ಬಂದಿರಬಹುದು ಎಂದರು.

ಅಕ್ಕ ತನ್ನ ಹೇಳಿಕೆ ಕೊಟ್ಟಳು. ಚಿಪ್ಪುಗಳನ್ನು ಮೇಜಿನ ಮೇಲಿಟ್ಟಳು. ಮೀನುಗಾರಿಕೆ ಪ್ರಯೋಗಾಲಯದ ತಜ್ಞೆ ಅವನ್ನು ನೋಡಿ, ಐದೂ ಆಳದ ಜಾತಿಯವು ಎಂದರು. ಗ್ರಂಥಿ ತೆಗೆಯದೆ ಐದನ್ನು ತಿಂದರೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಲೆಸುತ್ತು, ವಾಂತಿ, ಮಾಂಸಖಂಡಗಳ ಅದುರು, ಒಂದು ವಸ್ತು ಎರಡಾಗಿ ಕಾಣುವುದು ಸಾಧ್ಯ. ಕುದಿಸಿದರೆ ಈ ವಿಷ ಹೋಗುವುದಿಲ್ಲ. ಒಂದು ದಿನದಲ್ಲಿ ದೇಹದಿಂದ ಹೊರಟುಹೋಗುತ್ತದೆ ಎಂದರು.

"ಈ ಐದು ಶಂಖವನ್ನೇ ಅವನು ತಿಂದ ಅನ್ನೋದಕ್ಕೆ?" ಅಧಿಕಾರಿ ಕೇಳಿದರು.

"ಅದನ್ನ ನಾನು ಹೇಳೋಕಾಗಲ್ಲ. ನಾನು ಚಿಪ್ಪಿನ ಬಗ್ಗೆ ಮಾತ್ರ ಹೇಳಬಲ್ಲೆ."

ಊಟದ ಡಬ್ಬಿ ಎಲ್ಲಿ ಎಂದು ಕೇಳಿದರು. ಬುಧವಾರ ಸಂಜೆ ಕಾವಲು ಕೋಣೆಯಿಂದ ತಂದು ತೊಳೆದಿಟ್ಟೆ ಎಂದಳು ಅಕ್ಕ. ಯಾಕೆ ತೊಳೆದಿರಿ ಎಂದರು. "ಡಬ್ಬಿ ಅಲ್ವಾ ಸ್ವಾಮಿ," ಎಂದಳು. ಅವರು ಅದನ್ನೂ ಬರೆದುಕೊಂಡು ಓದಿ ಹೇಳಿದರು.

ಶೆಡ್ಡು ನಡೆಸುವ ಕಂಪನಿಯ ಕಡೆಯ ವಕೀಲರು ಎದ್ದು, ಶೆಡ್ಡಿನಿಂದ ಮಾಲು ಹೊರಗೆ ಒಯ್ಯುವ ಪದ್ಧತಿಯೇ ಇಲ್ಲ, ಬಿಳಿ ಬಕೆಟ್ಟು ಎಂಬುದು ತಮ್ಮನನ್ನು ಉಳಿಸಿಕೊಳ್ಳಲು ಕಟ್ಟಿದ ಕಥೆ ಎಂದರು. ಮೇಸ್ತ್ರಿಯನ್ನು ಕೇಳಿದರು. "ನನ್ನ ಗಮನಕ್ಕೆ ಬಂದಿಲ್ಲ," ಅಂದ ಅವನು. ಕೋಣೆಯ ಹಿಂದುಗಡೆ ನಿಂತಿದ್ದ ಮೇಜಿನ ಹೆಂಗಸರಲ್ಲಿ ಯಾರೋ ಕೆಮ್ಮಿದರು.

ಸೀಟಿಯ ಹೆಂಡತಿ ಮೂರನೇ ಸಾಲಿನಲ್ಲಿ ಕೂತಿದ್ದಳು. ಮೃತನ ಕಡೆಯವರು ಏನಾದರೂ ಹೇಳುವುದಿದೆಯೇ ಎಂದು ಅಧಿಕಾರಿ ವಾಡಿಕೆಯಂತೆ ಕೇಳಿದರು. ಅವಳು ಎದ್ದು ನಿಂತಳು.

"ಬಕೆಟ್ಟು ಇರೋದು ನಿಜ," ಅಂದಳು. "ಹತ್ತು ವರ್ಷದಿಂದ ನಾನೂ ಒಯ್ದಿದೀನಿ. ನಮ್ಮನೇಲೂ ಬೇಯಿಸಿದೀನಿ. ಮೇಸ್ತ್ರಿಯೋರು ಹಬ್ಬಕ್ಕೆ ಅಂತ ಎರಡು ಸಲ ಕೇಳಿ ಈಸ್ಕೊಂಡಿದಾರೆ. ಮಂಗಳವಾರ ಆಳದ್ದು ಎರಡು ಅದಕ್ಕೆ ಬಿದ್ದದ್ದನ್ನ ಕಣ್ಣಾರೆ ನೋಡಿದೀನಿ."

ಅಧಿಕಾರಿ ಪೆನ್ಸಿಲು ಕೆಳಗಿಟ್ಟರು. "ತೀರಿಕೊಂಡಿರೋದು ನಿಮ್ಮ ಯಜಮಾನರು. ಈ ಮಾತಿಂದ ಅನುಕೂಲ ಆಗೋದು ಕ್ರೇನಿನವನಿಗೆ. ಅದು ಗೊತ್ತಲ್ವಾ ನಿಮಗೆ?"

"ಗೊತ್ತು."

"ನೋಡಿದಾಗ ಯಾಕೆ ಹೇಳಲಿಲ್ಲ?"

"ಕೋಪ ಇತ್ತು. ಹೇಳಲಿಲ್ಲ. ಹೇಳಿದ್ರೆ ನಮ್ಮೋರು ಇವತ್ತು ಇರ್ತಿದ್ರು."

ಅವರು ಬರೆದುಕೊಂಡರು. ಓದಿ ಹೇಳಿದರು. ಸರಿಯೇ ಎಂದು ಕೇಳಿದರು. ಸರಿ ಎಂದು ಅವಳು ಕೂತಳು.

ಕೊನೆಗೆ ತಮ್ಮನನ್ನು ಕರೆದರು. ಇಬ್ಬರು ಪೊಲೀಸರ ನಡುವಿನಿಂದ ಎದ್ದು ಬಂದ ಅವನು ಮೊದಲು ಸೀಟಿಯ ಹೆಂಡತಿಯ ಕಡೆ ನೋಡಿದ. ಅವಳು ನೋಡಲಿಲ್ಲ. ಅಕ್ಕ ನೋಡುತ್ತಿದ್ದಳು.

"ದೃಷ್ಟಿ ಕೆಟ್ಟದ್ದು ಯಾವಾಗ?"

ಅವನು ಅಧಿಕಾರಿಯ ಕಡೆ ತಿರುಗಿದ.

"ಎರಡೂ ಎಂಟಕ್ಕೆ."

"ಅಷ್ಟು ನಿಖರವಾಗಿ ಹೇಗೆ ಹೇಳ್ತೀರಿ?"

"ಕ್ಯಾಬಿನ್ನಲ್ಲಿ ಗಡಿಯಾರ ಇದೆ ಸಾರ್. ಎರಡು ಗಡಿಯಾರ ಕಂಡ್ವು. ಎರಡರಲ್ಲೂ ಎರಡೂ ಎಂಟು."

ಹಿಂದೆ ಯಾರೋ ನಕ್ಕು ತಕ್ಷಣ ನಿಲ್ಲಿಸಿದರು. ಅಕ್ಕ ಕುರ್ಚಿಯಿಂದ ಅರ್ಧ ಎದ್ದವಳು ಹಾಗೇ ಕೂತಳು.

"ಘಟನೆ ಆಗಿದ್ದು ಎರಡೂ ಇಪ್ಪತ್ತಕ್ಕೆ. ಹನ್ನೆರಡು ನಿಮಿಷ ಕಣ್ಣು ಕಾಣದೆ ಕ್ರೇನ್ ನಡೆಸಿದ್ರಾ?"

"ಹೌದು ಸಾರ್."

"ಕೆಳಗೆ ಮನುಷ್ಯ ಇದಾನೆ ಅಂತ ಗೊತ್ತಿದ್ದೂ?"

"ಹೌದು."

"ಯಾಕೆ?"

"ಇಳಿದ್ರೆ ಕುಡಿದಿದಾನೆ ಅಂತಾರೆ ಅಂತ. ಕೆಲಸ ಹೋಗತ್ತೆ ಅಂತ. ಸ್ವಲ್ಪ ಹೊತ್ತಿಗೆ ಸರಿಹೋಗತ್ತೆ ಅಂದ್ಕೊಂಡೆ. ಅವನು ಸೀಟಿ ಊದ್ತಿದ್ದ ಸಾರ್. ನಿಲ್ಸು ಅಂತ ಮೂರು ಸಲ ಊದಿದ. ಯಾವ ಕಡೆಯಿಂದ ಅಂತ ತಿಳೀಲಿಲ್ಲ ನನಗೆ. ಹುಡುಕೋ ಹೊತ್ತಿಗೆ ತೊಟ್ಟಿ ಇಳಿದಿತ್ತು."

ಇದನ್ನೂ ಬರೆದುಕೊಂಡು ಓದಿ ಹೇಳಿದರು. ಸರಿ ಎಂದು ಅವನು ರುಜು ಹಾಕಿದ.

ಹೊರಗೆ ಮೆಟ್ಟಿಲ ಬಳಿ ಅಕ್ಕ ಅವನನ್ನು ಒಂದು ನಿಮಿಷ ಹಿಡಿದು ನಿಲ್ಲಿಸಿದಳು. ಪೊಲೀಸರು ಬೇರೆ ಕಡೆ ನೋಡಿದರು.

"ಹೂಂ ಅಂದಿದ್ದೆ ನೀನು."

"ಅಂದಿದ್ದೆ."

"ಹತ್ತು ವರ್ಷ ತಪ್ಪಿಸೋಕೆ ನಾನು ಊರೆಲ್ಲ ಬೈಸ್ಕೊಂಡೆ. ನೀನಾಗೇ ಹೋಗಿ ತಲೆ ಕೊಟ್ಟೆ."

"ಆಯಮ್ಮ ಅಷ್ಟು ಹೇಳಿದ ಮೇಲೆ ನಾನು ಏನು ಹೇಳಲಿ ಅಕ್ಕಾ?" ಅಂದ. ಆಮೇಲೆ, "ಮನೆಗೆ ಹೋಗಿ ಏನಾದ್ರೂ ತಿನ್ನು. ನಿನ್ನ ಮುಖ ನೋಡೋಕಾಗ್ತಿಲ್ಲ. ಒಂದೇ ಕಾಣ್ತಿದೆ, ಆದ್ರೂ," ಅಂದ.

ಅವಳು ನಗಲಿಲ್ಲ.

ವರದಿ ಹನ್ನೊಂದು ದಿನದ ನಂತರ ಬಂತು. ಆರು ಪುಟ. ಮದ್ಯ ಸೇವಿಸಿದ್ದನೆಂಬುದಕ್ಕೆ ಆಧಾರವಿಲ್ಲ. ಆಹಾರದ ವಿಷದಿಂದ ದೃಷ್ಟಿ ಕೆಟ್ಟಿರುವುದು ಸಂಭವನೀಯ. ಆದರೆ ದೃಷ್ಟಿ ಕೆಟ್ಟ ಮೇಲೂ ಹನ್ನೆರಡು ನಿಮಿಷ ಯಂತ್ರ ನಿಲ್ಲಿಸದಿರುವುದೇ ಸಾವಿಗೆ ಕಾರಣ ಎಂದು ಅದರಲ್ಲಿತ್ತು. ಕುಡಿತದ ಆರೋಪ ಬಿಟ್ಟುಹೋಗಿ ನಿರ್ಲಕ್ಷ್ಯದ ಆರೋಪ ಉಳಿಯಿತು. ಅದಕ್ಕೆ ಗರಿಷ್ಠ ಶಿಕ್ಷೆ ಎರಡು ವರ್ಷ.

ವರದಿ ಬಂದ ವಾರವೇ ಶೆಡ್ಡಿನ ಗೋಡೆಗೆ ಒಂದು ಹಾಳೆ ಅಂಟಿಸಿದರು: ಒಡೆದ ಮಾಲನ್ನು ಯಾವ ಕಾರಣಕ್ಕೂ ಹೊರಗೆ ಒಯ್ಯಬಾರದು. ಅಕ್ಕನನ್ನು ಶುಕ್ರವಾರ ಕೆಲಸದಿಂದ ತೆಗೆದರು. ಮೇಸ್ತ್ರಿಯನ್ನು ಐಸಿನ ಕಾರ್ಖಾನೆಗೆ ವರ್ಗ ಮಾಡಿದರು. ಸೀಟಿಯ ಹೆಂಡತಿ ಸೋಮವಾರ ಕೆಲಸಕ್ಕೆ ಬಂದಳು. ಬೇರೆ ಮೇಜು ಕೇಳಿದಳು, ಕೊಟ್ಟರು. ಬಸ್ಸಿನಲ್ಲಿ ಒಮ್ಮೆ ಇಬ್ಬರೂ ಎದುರುಬದುರಾದರು. ಅಕ್ಕ ಜಾಗ ಬಿಟ್ಟುಕೊಟ್ಟಳು. ಅವಳು ಕೂರದೆ ಮುಂದಿನ ನಿಲ್ದಾಣದಲ್ಲಿ ಇಳಿದಳು.

ನ್ಯಾಯಾಲಯದಲ್ಲಿ ತಮ್ಮ ತಪ್ಪೊಪ್ಪಿಕೊಂಡ. ಒಂದು ವರ್ಷ ಎರಡು ತಿಂಗಳ ಶಿಕ್ಷೆಯಾಯಿತು, ಲೈಸೆನ್ಸು ಶಾಶ್ವತವಾಗಿ ರದ್ದಾಯಿತು. ಆ ಮಧ್ಯಾಹ್ನ ನಾಲ್ಕೂ ಹತ್ತಕ್ಕೆ ಅವನನ್ನು ಕೂರಿಸಿಕೊಂಡ ವ್ಯಾನು ಹಿಂದಿನ ಗೇಟಿನಿಂದ ಹೊರಟಿತು. ಅಕ್ಕ ಮುಂದಿನ ಗೇಟಿನಲ್ಲಿ ಕಾಯುತ್ತಿದ್ದಳು. ಐದೂವರೆಗೆ ಬಾಗಿಲು ಹಾಕುವವನು ಬಂದು ವ್ಯಾನು ಆಗಲೇ ಹೋಯಿತೆಂದು ಹೇಳಿದ ಮೇಲೆ ಮನೆಗೆ ಹೋದಳು.